ಪಾತಾಳಗರಡಿ

ಮುಳಬಾಗಿಲು ಠಾಣೆಯಲ್ಲಿ ನಾನು ರೈಟರ್.
ಕತೆ ಬರೆಯುವವನಲ್ಲ, ಮಹಜರು ಬರೆಯುವವನು.
ಬಾವಿ, ಕುಂಟೆ, ಕ್ವಾರಿ, ಕೆರೆ,
ಎಲ್ಲಿಂದ ಫೋನು ಬಂದರೂ
ಮೊದಲು ದಸ್ತಗಿರಿ, ಆಮೇಲೆ ಆಂಬುಲೆನ್ಸು.

ಊರು ಅವನನ್ನು ಪಾತಾಳಗರಡಿ ಅನ್ನುತ್ತದೆ.
ಸೊಂಟಕ್ಕೆ ನೂಲುಹಗ್ಗ, ಎದೆತುಂಬ ಗಾಳಿ,
ಕೆಸರಿಗೆ ಕಣ್ಣು ಮುಚ್ಚಿಯೇ ಇಳಿಯುತ್ತಾನೆ.
'ತೆಗದ್ರೂ ಅಷ್ಟೇ ಸಾ, ಮುಚ್ಚಿದ್ರೂ ಅಷ್ಟೇ.
ಕಾಲ್ಬೆರಳಿಗೇ ಮೊದಲು ಗೊತ್ತಾಗ್ತದೆ
ಪಾಚಿ ಯಾವುದು, ಬಟ್ಟೆ ಯಾವುದು,
ಕೂದಲು ಯಾವುದು.'

ಹೋದ ವರ್ಷ ಹೊಸತೊಡಕಿನ ದಿನ
ಕುರುಡುಮಲೆ ದಾರಿಯ ಕ್ವಾರಿಯಿಂದ
ಶ್ರೀನಿವಾಸಪುರದ ಮಂಡಿ ಚೌಡರೆಡ್ಡಿಯ ಮಗ
ಭಾರ್ಗವನನ್ನು ಮೇಲೆ ತಂದ.
ಇಪ್ಪತ್ತಾರು ವರ್ಷ. ಉಸಿರು ಬಿಗಿಹಿಡಿಯುವ
ಅಭ್ಯಾಸ ಮಾಡುತ್ತಿದ್ದನಂತೆ.
ಮಾಲ್ಡೀವ್ಸಿಗೆ ಬುಕ್ ಆಗಿತ್ತು: ಐದು ಹಗಲು, ನಾಲ್ಕು ರಾತ್ರಿ,
ಶಾರ್ಕುಗಳ ಜೊತೆ ಎರಡು ಮುಳುಗು.
ಕೈಯಲ್ಲಿ ಗಡಿಯಾರ ಇನ್ನೂ ಓಡುತ್ತಿತ್ತು;
ಮಹಜರಿಗೆ ಆ ಸಮಯವನ್ನೇ ಬರೆದುಕೊಂಡೆ.

ಕಂಪನಿ ಹೇಳಿತು: ಹಣ ವಾಪಸಿಲ್ಲ,
ಹೆಸರು ಬದಲಿಸಬಹುದು.
ತೋತಾಪುರಿ ಮುಗಿಯುವ ತನಕ ಸುಮ್ಮನಿದ್ದ ಚೌಡರೆಡ್ಡಿ
ಒಂದು ಮಧ್ಯಾಹ್ನ ಠಾಣೆಗೆ ಬಂದು
ನನ್ನ ಮೇಜಿನ ಮೇಲೆ ಕವರಿಟ್ಟ.
'ನೀರೊಳಗೆ ಮಗನ್ನ ಮುಟ್ಟಿದ ಕೈ
ಅದೊಂದೇ. ಅದೇ ಹೋಗಲಿ.'

ಪಾಸ್‌ಪೋರ್ಟಿನ ತನಿಖೆಗೆ ಹೋದವನೂ ನಾನೇ.
ಉದ್ಯೋಗ ಅಂತ ಏನು ಬರೆಯಲಿ ಎಂದೆ.
ಕೂಲಿ ಅಂದ. ಕೂಲಿ ಅಂತಲೇ ಬರೆದೆ.
ಬಾಗಿಲಲ್ಲಿ ನಿಂತು ಅವನ ಹೆಂಡತಿ ಮೆಹಬೂಬಿ:
'ನಾವು ತಿನ್ನೋ ಮೀನು ಬಿಟ್ಟು
ನಮ್ಮನ್ನ ತಿನ್ನೋ ಮೀನು ನೋಡಕ್ಕೆ ವಿಮಾನ!'

ತಿರುಗಿ ಬಂದವನು ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ
ಹೇಳಿದ್ದು ಇಷ್ಟು, ಅದೂ ಮೂರು ಸಲ ಕೇಳಿದ ಮೇಲೆ:

'ಬೆನ್ನಿಗೆ ಗಾಳಿ ಕಟ್ಟಿದ್ರು ಸಾ, ಗ್ಯಾಸ್ ಸಿಲಿಂಡರ್ ಥರ.
ಹಗ್ಗ ಕೇಳಿದೆ. ನಕ್ಕರು.
ಇಳಿದ್ರೆ, ನನ್ನ ಕೈ ನನಗೇ ಕಾಣ್ತದೆ!
ಮೂವತ್ತು ವರ್ಷದಲ್ಲಿ ನೀರೊಳಗೆ
ನನ್ನ ಕೈ ನಾನು ನೋಡಿದ್ದಿಲ್ಲ.
ಐದು ಬೆರಳು. ಉಗುರು. ಉಂಗುರದ ಗುರುತು.
ಅದನ್ನೇ ನೋಡ್ತಾ ನಿಂತಿದ್ದೆ,
ಬಂತು ಅಂತ ಪಕ್ಕದವನು ಭುಜ ತಟ್ಟಿದ.

ಬಸ್ಸಿನಷ್ಟುದ್ದ ಏನಿಲ್ಲ, ಲಗೇಜ್ ಆಟೋದಷ್ಟು.
ಮೈಮೇಲೆ ಪಟ್ಟೆ. ಅವಸರ ಇಲ್ಲ.
ತಪ್ಪು ತಿಳೀಬೇಡಿ, ನಿಮ್ಮ ಬೀಟ್ ಪೊಲೀಸಿನ ಹಾಗೆ
ಒಬ್ಬೊಬ್ಬರ ಮುಖ ನೋಡ್ಕೊಂಡು ಬಂದು
ನನ್ನ ಹತ್ತಿರ ಸ್ವಲ್ಪ ನಿಧಾನ ಆಯ್ತು.
ತೆರೆದ ಕಣ್ಣು ದಡದ ಮೇಲೆ ಬಹಳ ನೋಡಿದ್ದೀನಿ ಸಾ.
ಇದು ವಾಪಸ್ ನೋಡ್ತು.'

ಹೆದರಿಕೆ ಆಯಿತಾ ಎಂದೆ.
'ಆಗ ಇಲ್ಲ. ಮೇಲೆ ಬಂದು ದೋಣಿ ಹತ್ತೋವಾಗ
ಎರಡೂ ಕೈ ಚಾಚಿದೆ. ಎರಡೂ ಖಾಲಿ.
ಏನೋ ಬಿಟ್ಟು ಬಂದೆ ಅಂತ
ಮತ್ತೆ ಕೆಳಗೆ ತಿರುಗಿ ನೋಡಿದೆ.
ಅವರು ಚಪ್ಪಾಳೆ ಹೊಡೀತಾ ಇದ್ರು.'

ಚೌಡರೆಡ್ಡಿಗೆ ಏನು ಹೇಳಿದೆ ಎಂದು ಕೇಳಲಿಲ್ಲ.
ಅಷ್ಟರಲ್ಲಿ ಫೋನು: ನಂಗಲಿ ಹತ್ತಿರ ಹಳೇ ಬಾವಿ,
ಯಾರೋ ಬಿದ್ದ ಸದ್ದು.
ಟೀ ದುಡ್ಡು ನಾನು ಕೊಟ್ಟೆ. ಜೀಪಿನಲ್ಲಿ ಅವನು
ಅಂಗೈಯನ್ನು ಒಮ್ಮೆ ಬಿಸಿಲಿಗೆ ಹಿಡಿದ.

ಹಗ್ಗ ನನ್ನ ಕೈಯಲ್ಲಿತ್ತು. ಎರಡು ಸಲ ಜಗ್ಗಿದ,
ಸಿಕ್ಕಿತು ಎಂದು ಅರ್ಥ.
ನಾನು ಪೆನ್ನು ತೆಗೆದೆ.
ಮೇಲೆ ಬಂದಿದ್ದು ಒಂದು ಆಡು.
ಒಳಗಿನ ಮೆಟ್ಟಿಲಲ್ಲಿ ನಡುಗುತ್ತಾ ನಿಂತಿತ್ತಂತೆ;
ಈಗ ಅವನ ಹೆಗಲೇರಿ
ಕಿವಿ ಜಗಿಯುತ್ತಿತ್ತು.